ಜೀರ್ಣೋದ್ಧಾರದ ಲೆಕ್ಕ ಮತ್ತು ಅಠಾರ ಕಚೇರಿ

ಅಂಕೋಲಾ ತಾಲೂಕಿನ ಬೆಳಂಬಾರದಂತಹ ಕಡಲಂಚಿನ ಊರುಗಳಲ್ಲಿ ಹಳೆಯ ಮನೆಯೊಂದನ್ನು ತೆಗೆಯುವ ಪ್ರಸಂಗ ಬಂದಾಗ ಹಿಂದಿನವರು ಅದನ್ನು ಕೆಡವುತ್ತಿರಲಿಲ್ಲ, ಬಿಚ್ಚುತ್ತಿದ್ದರು. ಮೊದಲು ಹಂಚುಗಳು ಇಳಿಯುತ್ತಿದ್ದವು. ಅನಂತರ ಪಕಾಸು, ಜಂತಿ, ತೊಲೆಗಳು. ಆಮೇಲೆ ಬಾಗಿಲು ಕಿಟಕಿಗಳ ಚೌಕಟ್ಟುಗಳು. ಕೊನೆಗೆ ಗೋಡೆಯ ಚಿರೆಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ಅಂಟಿದ ಮಣ್ಣನ್ನು ಕೆರೆದು, ಅಂಗಳದ ಬದಿಯಲ್ಲಿ ಒಟ್ಟುತ್ತಿದ್ದರು. ಆ ಕಲ್ಲು ಮತ್ತೊಂದು ಮನೆಯ ಗೋಡೆಗೋ, ಬಾವಿಯ ಕಟ್ಟೆಗೋ, ತೋಟದ ಪಾಗಾರಕ್ಕೋ ಹೋಗುತ್ತಿತ್ತು. ತೊಲೆಯಂತೂ ಮನೆಯಿಂದ ಮನೆಗೆ ವರ್ಗವಾಗುತ್ತಾ ತಲೆಮಾರುಗಳನ್ನು ದಾಟುತ್ತಿತ್ತು. ಇದನ್ನು ಯಾರೂ ಪರಿಸರ ಪ್ರೇಮವೆಂದು ಕರೆಯಲಿಲ್ಲ. ಬಡತನವೂ ಮಿತವ್ಯಯವೂ ಬೆರೆತ ಲೋಕರೂಢಿ ಅದು. ಸಿಮೆಂಟಿನಲ್ಲಿ ಕಟ್ಟಿದ ಗೋಡೆಯಿಂದ ಕಲ್ಲನ್ನು ಇಡಿಯಾಗಿ ಬಿಡಿಸಲು ಬಾರದಾದಂದಿನಿಂದ ಆ ರೂಢಿ ಕ್ಷೀಣಿಸುತ್ತ ಬಂದಿತು.

ಇಂದು ಸಮಾಜದ ಅನೇಕ ಸಂಸ್ಥೆಗಳ ಆವರಣಗಳಲ್ಲಿ ಬೇರೊಂದು ದೃಶ್ಯ ಕಾಣಸಿಗುತ್ತದೆ. ಬಸದಿಯ ಮಗ್ಗುಲಲ್ಲಿ ನೂರು ವರ್ಷಗಳ ಹಿಂದೆ ಶ್ರಾವಕರು ಕಟ್ಟಿಸಿದ ಕಚೇರಿ, ಧರ್ಮಶಾಲೆ ಅಥವಾ ವಿದ್ಯಾರ್ಥಿನಿಲಯ ಇರುತ್ತದೆ. ಒಂದು ದಿನ ಅದರೆದುರು ಜೀರ್ಣೋದ್ಧಾರ ಸಮಿತಿಯ ಫಲಕ ಏಳುತ್ತದೆ. ಫಲಕದ ಹಿಂದೆಯೇ ಜೆಸಿಬಿ ಯಂತ್ರ ಬರುತ್ತದೆ. ಎರಡು ದಿನಗಳಲ್ಲಿ ಕಟ್ಟಡ ಮಣ್ಣಿನ ರಾಶಿಯಾಗುತ್ತದೆ. ಆ ಸ್ಥಳದಲ್ಲಿ ಕೆಳಗೆ ಮಳಿಗೆಗಳೂ ಮೇಲೆ ಸಭಾಭವನವೂ ಇರುವ ಕಾಂಕ್ರೀಟ್ ಕಟ್ಟಡ ನಿಲ್ಲುತ್ತದೆ. ಮಳಿಗೆಗಳಿಂದ ಬಾಡಿಗೆ ಬರುವುದು ತಪ್ಪಲ್ಲ. ಸಂಸ್ಥೆಗೆ ವರಮಾನ ಬೇಕು. ಆದರೆ ಜೀರ್ಣವಾದುದನ್ನು ಉದ್ಧರಿಸುವುದು ಎಂಬ ಅರ್ಥದ ಪದವನ್ನು, ಜೀರ್ಣವಾದುದನ್ನು ಇಲ್ಲವಾಗಿಸುವ ಕ್ರಿಯೆಗೆ ಹಚ್ಚುವುದು ಸತ್ಯವ್ರತಕ್ಕೆ ಸಂಬಂಧಿಸಿದ ಪ್ರಶ್ನೆ. ಇತ್ತೀಚೆಗೆ ಇದಕ್ಕೆ ಸುಸ್ಥಿರ ಪುನರಭಿವೃದ್ಧಿ ಎಂಬ ಹೊಸ ಹೆಸರೂ ಸೇರಿಕೊಂಡಿದೆ. ಛಾವಣಿಯ ಮೇಲೆ ನಾಲ್ಕು ಸೌರಫಲಕ, ಅಂಗಳದಲ್ಲಿ ಮಳೆನೀರಿನ ಗುಂಡಿ ಇದ್ದರೆ ಕೆಡವಿದ್ದೆಲ್ಲವೂ ಕ್ಷಮಾರ್ಹವೆಂಬ ಭಾವನೆ ಬೆಳೆದಿದೆ.

ಈ ಭಾವನೆಯನ್ನು ಒರೆಗೆ ಹಚ್ಚಲು ರಾಜ್ಯದಲ್ಲಿ ಎಲ್ಲರೂ ಬಲ್ಲ ಒಂದು ಕಚೇರಿ ಕಟ್ಟಡವಿದೆ. ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ವಿಧಾನಸೌಧದ ಎದುರಿಗೆ ಕೆಂಪಗೆ ನೀಳವಾಗಿ ಮಲಗಿರುವ ಅಠಾರ ಕಚೇರಿ. ಉತ್ತರ ಕನ್ನಡದ ಕಕ್ಷಿದಾರರು ದಶಕಗಳ ಕಾಲ ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ಅದರ ಮೆಟ್ಟಿಲು ಹತ್ತಿದ್ದಾರೆ. ಆದುದರಿಂದ ಕರಾವಳಿಗೂ ಅದು ಪರಕೀಯವಲ್ಲ.

ಮೈಸೂರು ಸಂಸ್ಥಾನದ ಆಡಳಿತವನ್ನು ಬ್ರಿಟಿಷರು 1831ರಲ್ಲಿ ವಹಿಸಿಕೊಂಡ ಮೇಲೆ ಅವರ ಕಚೇರಿಗಳು ಬೆಂಗಳೂರು ಕೋಟೆಯ ಟಿಪ್ಪುವಿನ ಅರಮನೆಯಲ್ಲಿದ್ದವು. ಮರದ ಕಂಬಗಳ ಆ ಬೇಸಿಗೆ ಅರಮನೆ ಕಚೇರಿಗೆಂದು ಕಟ್ಟಿದ್ದಲ್ಲ. ಕಡತಗಳು ಹೆಚ್ಚಿದಂತೆ ಜಾಗ ಸಾಲದಾಯಿತು. ಲ್ಯೂಯಿನ್ ಬೌರಿಂಗ್ ಕಮಿಷನರ್ ಆಗಿದ್ದ ಕಾಲದಲ್ಲಿ, ಮುಖ್ಯ ಎಂಜಿನಿಯರ್ ರಿಚರ್ಡ್ ಹೈರಮ್ ಸ್ಯಾಂಕಿಯ ವಿನ್ಯಾಸದಂತೆ, 1864ರಿಂದ 1868ರ ಅವಧಿಯಲ್ಲಿ ಹೊಸ ಕಟ್ಟಡ ಎದ್ದಿತು. ಕಾಮಗಾರಿಯ ಹೊಣೆ ಹೊತ್ತವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ವ್ಯಾಪಾರದಿಂದ ಬಂದುದನ್ನು ವಿದ್ಯಾಸಂಸ್ಥೆಗಳಿಗೆ ವಿನಿಯೋಗಿಸಿದ ಉದಾರಿ. ಹದಿನೆಂಟು ಇಲಾಖೆಗಳು ಅಲ್ಲಿ ನೆಲೆಸಿದ್ದರಿಂದ ಹಿಂದುಸ್ತಾನಿಯ ಅಠಾರ ಎಂಬ ಸಂಖ್ಯಾವಾಚಕವೇ ಜನರ ಬಾಯಲ್ಲಿ ಹೆಸರಾಗಿ ನಿಂತಿತು. 1956ರಲ್ಲಿ ವಿಧಾನಸೌಧ ಪೂರ್ಣಗೊಂಡು ಸಚಿವಾಲಯ ಅಲ್ಲಿಗೆ ಹೋದ ಮೇಲೆ ಕಟ್ಟಡ ಉಚ್ಚ ನ್ಯಾಯಾಲಯದ ಪಾಲಿಗೆ ಉಳಿಯಿತು.

1980ರ ದಶಕದ ಆರಂಭದಲ್ಲಿ ಇದನ್ನು ಕೆಡವಿ, ಅದೇ ಸ್ಥಳದಲ್ಲಿ ನ್ಯಾಯಾಲಯಕ್ಕೆ ವಿಶಾಲವಾದ ಹೊಸ ಕಟ್ಟಡ ಕಟ್ಟಬೇಕೆಂಬ ಪ್ರಸ್ತಾಪ ಬಂದಿತು. ನಾಗರಿಕರು ವಿರೋಧಿಸಿದರು. ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಎಂಬುದು ಆಗ ಈ ನಾಡಿನಲ್ಲಿ ಹೊಸತು. ಅಂತಹ ಒಂದು ಅರ್ಜಿ ಉಚ್ಚ ನ್ಯಾಯಾಲಯದ ಮುಂದೆ ಹೋಯಿತು. ಯಾವ ಕಟ್ಟಡದ ಅಳಿವು ಉಳಿವಿನ ವಿಚಾರಣೆ ನಡೆಯಬೇಕೋ ಅದೇ ಕಟ್ಟಡದಲ್ಲಿ ವಿಚಾರಣೆ ನಡೆಯಿತು. ಕಟ್ಟಡ ಉಳಿಯಿತು. ಈ ಕಥೆಯನ್ನು ಬೆಂಗಳೂರಿನ ಬಗೆಗಿನ ಎಲ್ಲ ಬರೆಹಗಳೂ ಹೆಮ್ಮೆಯಿಂದ ಹೇಳುತ್ತವೆ.

ಹೆಮ್ಮೆ ಸಕಾರಣವೇ. ಆದರೂ ಕಥೆಯನ್ನು ಹೇಳುವ ರೀತಿಯಲ್ಲಿ ಒಂದು ಕೊರತೆಯಿದೆ. ಉಳಿಸಬೇಕೆಂಬುದಕ್ಕೆ ಕೊಡುವ ಕಾರಣಗಳೆಲ್ಲ ಕಣ್ಣಿಗೆ ಸಂಬಂಧಿಸಿದವು: ಗ್ರೀಕ್ ಮಾದರಿಯ ಕಂಬಗಳು, ಕೆಂಬಣ್ಣ, ಉದ್ಯಾನದ ಹಸಿರಿನೊಡನೆ ಅದರ ಹೊಂದಾಣಿಕೆ. ಸೌಂದರ್ಯವೇ ಉಳಿವಿಗೆ ಆಧಾರವೆಂದು ಒಪ್ಪಿದರೆ, ಸುಂದರವಲ್ಲದ ಆದರೆ ಗಟ್ಟಿಮುಟ್ಟಾದ ಸಾವಿರಾರು ಹಳೆಯ ಕಟ್ಟಡಗಳ ಪರವಾಗಿ ಹೇಳಲು ಮಾತೇ ಉಳಿಯುವುದಿಲ್ಲ. ಊರಿನ ಬಸದಿಯ ಪಕ್ಕದ ಹಂಚಿನ ಕಚೇರಿಗೆ ಗ್ರೀಕ್ ಕಂಬಗಳಿಲ್ಲ. ಯಾವ ನಗರದ ರಸಿಕರೂ ಅದಕ್ಕಾಗಿ ಅರ್ಜಿ ಹಾಕುವುದಿಲ್ಲ. ಅದರ ಪರವಾಗಿ ವಾದಿಸಲು ಬೇರೆ ಆಧಾರ ಬೇಕು. ಆ ಆಧಾರ ಸೌಂದರ್ಯಶಾಸ್ತ್ರದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಲೆಕ್ಕಶಾಸ್ತ್ರದಲ್ಲಿದೆ, ಹಾಗೂ ಅಹಿಂಸೆಯಲ್ಲಿದೆ.

ಲೆಕ್ಕವನ್ನೇ ಮೊದಲು ನೋಡಬಹುದು. ಆದಾಯ ತೆರಿಗೆಯ ನಿಯಮಗಳಂತೆ ವಾಸಕ್ಕಲ್ಲದ ಕಟ್ಟಡದ ಮೇಲೆ ವರ್ಷಕ್ಕೆ ನೂರಕ್ಕೆ 10ರಂತೆ ಸವಕಳಿ ಕಳೆಯುತ್ತಾರೆ. ಅದೂ ಉಳಿದ ಬೆಲೆಯ ಮೇಲೆ. ಹೀಗೆ ಕಳೆಯುತ್ತ ಹೋದರೆ 22 ವರ್ಷಗಳಲ್ಲಿ ಕಟ್ಟಡದ ಪುಸ್ತಕ ಬೆಲೆ ಮೂಲದ ಹತ್ತನೆಯ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ. ಉದಾಹರಣೆಗಾಗಿ, 1868ರಲ್ಲಿ ಒಂದು ಲಕ್ಷ ರೂಪಾಯಿ ತಗುಲಿದ ಒಂದು ಕಟ್ಟಡಕ್ಕೆ ಇಂದಿನ ಈ ದರವನ್ನೇ ಅನ್ವಯಿಸಿದರೆ 1890ರಲ್ಲಿ ಅದರ ಬೆಲೆ ಹತ್ತು ಸಾವಿರಕ್ಕಿಂತ ಕಡಿಮೆ. 1912ರಲ್ಲಿ ಸಾವಿರಕ್ಕಿಂತ ಕಡಿಮೆ. 1978ರ ಹೊತ್ತಿಗೆ ಒಂದು ರೂಪಾಯಿಗಿಂತಲೂ ಕಡಿಮೆ. ಅಠಾರ ಕಚೇರಿಯನ್ನು ಕೆಡವಲು ಹೊರಟ ಕಾಲಕ್ಕೆ ಅದರಂತಹ ಕಟ್ಟಡ ಲೆಕ್ಕದ ಪುಸ್ತಕದಲ್ಲಿ ಸತ್ತು ಹೋಗಿರುತ್ತಿತ್ತು. ಗೋಡೆಗಳು ಮಾತ್ರ ನಿಂತಿದ್ದವು. ಒಳಗೆ ನ್ಯಾಯ ನಡೆಯುತ್ತಿತ್ತು. ಸವಕಳಿ ಎಂಬುದು ಲಾಭದಿಂದ ಎಷ್ಟು ಕಳೆಯಬೇಕೆಂದು ನಿರ್ಧರಿಸುವ ಒಂದು ಅನುಕೂಲ ಮಾತ್ರ. ಕಟ್ಟಡದ ಆಯುಷ್ಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದರೆ ಆಡಳಿತ ಮಂಡಳಿಯ ಸಭೆಯಲ್ಲಿ ಆಢಾವೆ ಪತ್ರಿಕೆಯನ್ನು ಮುಂದಿಟ್ಟು, ಈ ಕಟ್ಟಡದ ಬೆಲೆ ಈಗ ಶೂನ್ಯ ಎಂದು ಯಾರಾದರೂ ಹೇಳಿದರೆ ಉಳಿದವರು ತಲೆದೂಗುತ್ತಾರೆ. ವ್ಯವಹಾರ ಬಲ್ಲ ಸಮಾಜ ಇಷ್ಟು ಸರಳವಾದ ಭ್ರಮೆಗೆ ಒಳಗಾಗುವುದು ಆಶ್ಚರ್ಯ.

ಪುಸ್ತಕದಲ್ಲಿ ಎಂದೂ ಕಾಣಿಸಿಕೊಳ್ಳದ ಖರ್ಚು ಇನ್ನೊಂದಿದೆ. ಇಟ್ಟಿಗೆಗಾಗಿ ಅಗೆದ ಕೆರೆಮಣ್ಣು, ಅದನ್ನು ಸುಡಲು ಕಡಿದ ಮರ, ಸುಣ್ಣಕ್ಕಾಗಿ ಉರಿಸಿದ ಗೂಡು, ಸೀಳಿದ ಬಂಡೆ, ಎಳೆದ ಎತ್ತುಗಳ ಬೆವರು, ಇವೆಲ್ಲ ಹಳೆಯ ಕಟ್ಟಡದೊಳಗೆ ಸೇರಿಹೋಗಿವೆ. ಆ ಆರಂಭೀ ಹಿಂಸೆ ಆಗಿಹೋಯಿತು, ಹಿಂದಕ್ಕೆ ಪಡೆಯಲಾಗದು. ಕಟ್ಟಡ ನಿಂತಿರುವಷ್ಟು ಕಾಲ ಆ ಹಿಂಸೆಗೆ ಒಂದು ಪ್ರಯೋಜನವಾದರೂ ಇರುತ್ತದೆ. ಕೆಡವಿದೊಡನೆ ಹಳೆಯದು ವ್ಯರ್ಥವಾಗುತ್ತದೆ, ಹೊಸದು ಮೊದಲಿನಿಂದ ಆರಂಭವಾಗುತ್ತದೆ. ಇಂದಿನ ಹೊಸದು ಹಿಂದಿನದಕ್ಕಿಂತ ಭಾರವೂ ಹೌದು. ಒಂದು ಟನ್ ಸಿಮೆಂಟ್ ತಯಾರಾಗುವಾಗ ಅರ್ಧ ಟನ್ನಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇದರಲ್ಲಿ ಹೆಚ್ಚಿನ ಪಾಲು ಇಂಧನದ ಹೊಗೆಯದಲ್ಲ. ಸುಣ್ಣಕಲ್ಲು ಸುಟ್ಟಾಗ ಕಲ್ಲಿನೊಳಗಿಂದಲೇ ಹೊರಬರುವಂಥದು. ಆದ್ದರಿಂದ ಕಾರ್ಖಾನೆಯನ್ನು ಸೌರವಿದ್ಯುತ್ತಿನಿಂದ ನಡೆಸಿದರೂ ಅದು ನಿಲ್ಲುವುದಿಲ್ಲ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಸಿಮೆಂಟಿನ ಪಾಲು ನೂರಕ್ಕೆ ಏಳೆಂಟು ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು.

ಅಮೆರಿಕದ ಐತಿಹಾಸಿಕ ಕಟ್ಟಡಗಳ ರಾಷ್ಟ್ರೀಯ ಟ್ರಸ್ಟ್ ಈ ವಿಷಯದ ಅಧ್ಯಯನವೊಂದನ್ನು ಪ್ರಕಟಿಸಿತು. ಈಗಿರುವ ಸಾಧಾರಣ ಕಟ್ಟಡಕ್ಕಿಂತ ನೂರಕ್ಕೆ 30ರಷ್ಟು ಕಡಿಮೆ ಶಕ್ತಿ ಬಳಸುವ ಹೊಸ ಕಟ್ಟಡವನ್ನು ಕಟ್ಟಿದರೆ, ಕಟ್ಟುವಾಗ ವಾತಾವರಣಕ್ಕೆ ಮಾಡಿದ ಹಾನಿಯನ್ನು ಆ ಉಳಿತಾಯದಿಂದ ಸರಿದೂಗಿಸಲು 10ರಿಂದ 80 ವರ್ಷಗಳು ಬೇಕೆಂದು ಅದು ಹೇಳಿತು. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಬಂಡವಾಳ ಮರಳಲು 80 ವರ್ಷ ಹಿಡಿಯುವ ವ್ಯವಹಾರಕ್ಕೆ ಯಾವ ಸಾಹುಕಾರನೂ ಸಾಲ ಕೊಡುವುದಿಲ್ಲ. ಫ್ರಾನ್ಸಿನ ಆನ್ ಲಕಟೋನ್ ಮತ್ತು ಜ್ಯಾನ್ ಫಿಲಿಪ್ ವಾಸಲ್ ಎಂಬ ವಾಸ್ತುಶಿಲ್ಪಿಗಳು ಕೆಡವುವುದೇ ಇಲ್ಲವೆಂಬ ನಿಯಮ ಹಾಕಿಕೊಂಡು, ಬೋರ್ದೊ ನಗರದ 530 ಹಳೆಯ ವಸತಿಗಳನ್ನು ನಿವಾಸಿಗಳನ್ನು ಒಕ್ಕಲೆಬ್ಬಿಸದೆಯೇ ವಿಸ್ತರಿಸಿ ಕೊಟ್ಟರು. 2021ರ ಪ್ರಿಟ್ಸ್‌ಕರ್ ಪ್ರಶಸ್ತಿ ಅವರಿಗೆ ಸಂದಿತು. ಅವು ಸುಂದರ ಪುರಾತನ ಕಟ್ಟಡಗಳಲ್ಲ, ಕಾಂಕ್ರೀಟಿನ ಬಹುಮಹಡಿ ವಸತಿಗಳು ಎಂಬುದನ್ನು ಗಮನಿಸಬೇಕು.

ಶ್ರಾವಕಾಚಾರದ ಗ್ರಂಥಗಳಿಗೆ ಈ ವಿಚಾರ ಅಪರಿಚಿತವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದು, ಗಿಡಮರ ಕಡಿಯುವುದು ಅದರ ಲಕ್ಷಣ. ಗೃಹಸ್ಥನು ಮನೆ ಕಟ್ಟಬಾರದೆಂದು ಆಚಾರ್ಯರು ಹೇಳಲಿಲ್ಲ. ಆರಂಭೀ ಹಿಂಸೆ ಅವನಿಗೆ ಪೂರ್ತಿ ತಪ್ಪುವುದಿಲ್ಲ. ಪ್ರಶ್ನೆ ಇರುವುದು ಪ್ರಯೋಜನದ ವಿಷಯದಲ್ಲಿ: ಇದ್ದುದನ್ನು ದುರಸ್ತಿ ಮಾಡಿ ಬಳಸಲು ಸಾಧ್ಯವಿರುವಾಗ ನೆಲವನ್ನು ಮತ್ತೆ ಅಗೆಯುವುದು ಪ್ರಯೋಜನವೋ ಪ್ರಮಾದವೋ? ಸಂಜೆಯ ಮೇಲೆ ದೀಪಕ್ಕೆ ಹುಳು ಬೀಳುತ್ತದೆಂದು ಊಟವನ್ನೇ ಮುಂಚಿತವಾಗಿ ಮುಗಿಸುವ ಕುಟುಂಬಗಳು, ಸಂಸ್ಥೆಯ ಹೆಸರಿನಲ್ಲಿ ನೂರಾರು ಲಾರಿ ಜಲ್ಲಿ ಇಳಿಸುವಾಗ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪ.

ಅಠಾರ ಕಚೇರಿಗೆ ಮರಳಬಹುದು. ಕಟ್ಟಡವಾಗಿ ಅದರ ಗುಣವೇನು? ಅಗಲ ಕಡಿಮೆ, ಉದ್ದ ಹೆಚ್ಚು. ಆದ್ದರಿಂದ ಯಾವ ಕೋಣೆಯೂ ಬೆಳಕಿನಿಂದ ದೂರವಿಲ್ಲ. ಕೋಣೆಗಳ ಮುಂದೆ ಕಂಬಗಳ ಮೊಗಸಾಲೆ. ಬಿಸಿಲು ಗೋಡೆಯನ್ನು ಮುಟ್ಟುವ ಮೊದಲೇ ಅಲ್ಲಿ ತಡೆಯುತ್ತದೆ. ದಪ್ಪನೆಯ ಗೋಡೆ ಹಗಲಿನ ಕಾವನ್ನು ಮೆಲ್ಲಗೆ ಹೀರಿ ರಾತ್ರಿಗೆ ಬಿಟ್ಟುಕೊಡುತ್ತದೆ; ಬೆಂಗಳೂರಿನಂತಹ ತಂಪು ರಾತ್ರಿಯ ಊರಿಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ. ಎತ್ತರದ ಛಾವಣಿಯ ಕೆಳಗೆ ಬಿಸಿಗಾಳಿ ಮೇಲೇರಿ ನಿಲ್ಲುತ್ತದೆ. ವಿದ್ಯುತ್ತು ಇಲ್ಲದ ಕಾಲದ ಎಂಜಿನಿಯರನಿಗೆ ಇದಲ್ಲದೆ ದಾರಿಯಿರಲಿಲ್ಲ. ಇಂದು ರಾಜಧಾನಿಯಲ್ಲಿ ಗಾಜಿನ ಪೆಟ್ಟಿಗೆಯಂತಹ ಕಚೇರಿಗಳನ್ನು ಕಟ್ಟಿ, ಒಳಗೆ ನುಗ್ಗುವ ಬಿಸಿಲನ್ನು ಯಂತ್ರಗಳಿಂದ ಹೊರದೂಡಿ, ಯಂತ್ರ ಸ್ವಲ್ಪ ಕಡಿಮೆ ವಿದ್ಯುತ್ತು ಬಳಸಿತೆಂದು ಹಸಿರು ಪ್ರಮಾಣಪತ್ರ ಪಡೆಯುವುದನ್ನು ನೋಡಿದರೆ ಸ್ಯಾಂಕಿಗೆ ನಗು ಬರುತ್ತಿತ್ತೇನೋ.

ಹೊಗಳಿಕೆಗೆ ಅರ್ಹವಲ್ಲದ ಅಂಶಗಳೂ ಇವೆ. ಹಿಂಭಾಗದಲ್ಲಿ ನ್ಯಾಯಾಲಯಕ್ಕಾಗಿ ಬೆಳೆದ ವಿಸ್ತರಣೆ ಮುಂದಿನದರ ಬಣ್ಣವನ್ನೂ ರೂಪವನ್ನೂ ಅನುಕರಿಸುತ್ತದೆ. ದೂರದಿಂದ ನೋಡುವವರಿಗೆ ಭಂಗ ತಾರದಿರಲೆಂಬ ಉದ್ದೇಶ ಒಳ್ಳೆಯದೇ. ಆದರೆ ಅನುಕರಿಸಬೇಕಾಗಿದ್ದುದು ಕೆಂಬಣ್ಣವನ್ನಲ್ಲ; ಹಳೆಯದರ ಬುದ್ಧಿಯನ್ನು. ವೇಷವನ್ನು ಹೊಂದಿಸಿದರೆ ಹಿರಿಯರಿಗೆ ಗೌರವ ಸಂದಿತೆಂದು ಭಾವಿಸುವುದು ಕಟ್ಟಡಗಳಲ್ಲಷ್ಟೇ ಕಾಣುವ ದೋಷವಲ್ಲ. ಇನ್ನೊಂದು ಅಂಶ ಆಡಳಿತಕ್ಕೆ ಸಂಬಂಧಿಸಿದ್ದು. ನಗರದ ರೂಪದ ಬಗ್ಗೆ ಸರಕಾರಕ್ಕೆ ಸಲಹೆ ಕೊಡಲು 1976ರಲ್ಲಿ ರಚಿತವಾದ ಬೆಂಗಳೂರು ನಗರ ಕಲಾ ಆಯೋಗ 2001ರಲ್ಲಿ ರದ್ದಾಯಿತು. ಒಂದು ಕಟ್ಟಡವನ್ನು ಉಳಿಸಿದ ಉತ್ಸಾಹ, ಮುಂದಿನ ಕಟ್ಟಡಗಳನ್ನು ಕಾಯುವ ವ್ಯವಸ್ಥೆಯಾಗಿ ಬಾಳಲಿಲ್ಲ.

ಕೆಡವಬೇಕೆಂದವರ ವಾದವೇನಿತ್ತು? ಜಾಗ ಸಾಲದು ಎಂಬುದು. ಅದು ಸುಳ್ಳಾಗಿರಲಿಲ್ಲ. ಹದಿನೆಂಟು ಇಲಾಖೆಗಳಿಗೆಂದು ಕಟ್ಟಿದ್ದು ಇಡೀ ರಾಜ್ಯದ ವ್ಯಾಜ್ಯಗಳ ಭಾರ ಹೊರಬೇಕಾಗಿತ್ತು. ಈ ಪ್ರಶ್ನೆಗೆ ನಿಜವಾದ ಉತ್ತರ ದೊರೆತುದು ಕಟ್ಟಡದಿಂದ ಹೊರಗೆ. 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠಗಳು ಆರಂಭವಾದವು. 2013ರಲ್ಲಿ ಅವು ಕಾಯಂ ಆದವು. ಉತ್ತರ ಕನ್ನಡ ಜಿಲ್ಲೆ ಧಾರವಾಡ ಪೀಠದ ವ್ಯಾಪ್ತಿಗೆ ಸೇರಿತು. ಅಂಕೋಲೆಯ ಕಕ್ಷಿದಾರ ಈಗ ಘಟ್ಟ ಹತ್ತಿ ಧಾರವಾಡಕ್ಕೆ ಹೋಗಿ ಅಂದೇ ಹಿಂತಿರುಗಬಲ್ಲ. ಪೀಠಗಳಿಗಾಗಿ ಹೋರಾಡಿದ ಉತ್ತರ ಕರ್ನಾಟಕದ ವಕೀಲರು ಪಾರಂಪರಿಕ ಕಟ್ಟಡದ ರಕ್ಷಣೆಗೆಂದು ಹೋರಾಡಲಿಲ್ಲ. ಆದರೂ ಹಳೆಯ ಕಟ್ಟಡದ ಹೆಗಲ ಮೇಲಿನ ಭಾರ ಹಂಚಿಹೋದುದು ಅದರ ಉಳಿವಿಗೆ ಯಾವ ಬಣ್ಣಕ್ಕಿಂತಲೂ ಹೆಚ್ಚಿನ ನೆರವು. ಧಾರವಾಡದಲ್ಲಿ ಹೊಸ ನೆಲದ ಮೇಲೆ ಹೊಸ ಕಟ್ಟಡ ಎದ್ದಿತಲ್ಲ ಎಂದು ಕೇಳಬಹುದು. ಹೌದು, ಎದ್ದಿತು. ಅದಕ್ಕೆ ಪ್ರಯೋಜನವಿತ್ತು, ಜನರಿಗೆ ನ್ಯಾಯ ಹತ್ತಿರವಾಯಿತು. ಹಳೆಯದನ್ನು ಕೆಡವಿ ಅಲ್ಲಿಯೇ ದೊಡ್ಡದನ್ನು ಕಟ್ಟಿದ್ದರೆ ಎರಡು ಹಿಂಸೆಗಳಾಗುತ್ತಿದ್ದವು, ಪ್ರಯಾಣ ಮಾತ್ರ ಹಾಗೆಯೇ ಉಳಿಯುತ್ತಿತ್ತು.

ಸಂಸ್ಥೆಗಳೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಜಾಗ ಸಾಲದೆಂಬುದು ನಿಜವೋ, ಅಥವಾ ಇದ್ದ ಜಾಗದಲ್ಲಿ ಬೇಡದ ವಸ್ತುಗಳು ತುಂಬಿವೆಯೋ? ಪರಿಗ್ರಹ ಪರಿಮಾಣ ವ್ರತದಲ್ಲಿ ಎಣಿಸುವ ಬಾಹ್ಯ ವಸ್ತುಗಳ ಪಟ್ಟಿ ಕ್ಷೇತ್ರ ಮತ್ತು ವಾಸ್ತುವಿನಿಂದಲೇ ಆರಂಭವಾಗುತ್ತದೆ. ಹೊಲ ಮೊದಲು, ಮನೆ ಎರಡನೆಯದು, ಚಿನ್ನ ಬೆಳ್ಳಿ ಆಮೇಲೆ. ವ್ಯಕ್ತಿಗೆ ಹೇಳಿದ ಈ ಮಿತಿ ಟ್ರಸ್ಟಿಗೆ ಅನ್ವಯಿಸುವುದಿಲ್ಲವೆಂಬ ನಂಬಿಕೆ ಯಾವ ಗ್ರಂಥದಿಂದ ಬಂದಿತೋ ತಿಳಿಯದು. ವರ್ಷಕ್ಕೆ ಎರಡು ಬಾರಿ ತುಂಬುವ ಸಭಾಭವನಕ್ಕಾಗಿ ದಿನವೂ ಬಳಕೆಯಾಗುವ ಕಚೇರಿಯನ್ನು ಕೆಡವಿದ ನಿದರ್ಶನಗಳು ವಿರಳವಲ್ಲ.

ಕೆಡವದೆ ಬಿಟ್ಟ ಮಾತ್ರಕ್ಕೆ ಉಳಿಸಿದಂತೆಯೂ ಅಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ ತಿಂಗಳಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅದರ ಸಮೀಪದ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ 2016ರ ಆಗಸ್ಟ್‌ನಲ್ಲಿ ಬಿದ್ದಿತು. ಎರಡೂ ಮಳೆಗಾಲದಲ್ಲಿ ಬಿದ್ದವು. ಆಮೇಲೆ ತಜ್ಞರ ಸಮಿತಿಗಳು, ಕೆಡವಬೇಕೋ ದುರಸ್ತಿಯೋ ಎಂಬ ವಾದಗಳು, ನ್ಯಾಯಾಲಯದ ಅಲೆದಾಟಗಳು ವರ್ಷಗಟ್ಟಲೆ ನಡೆದವು. ಹಳೆಯ ಛಾವಣಿಗೆ ನೀರು ಹೋಗುವ ದಾರಿ ಕಟ್ಟಿಕೊಂಡರೆ ಸಾಕು. ಸುಣ್ಣದ ಗಾರೆ ನೆನೆದು ಬಲ ಕಳೆದುಕೊಳ್ಳುತ್ತದೆ, ಗೋಡೆಯಲ್ಲಿ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ. ಮೇಲೆ ಅರಳಿ ಗಿಡವೊಂದು ಬೇರೂರಿದರೆ ಉಳಿದ ಕೆಲಸವನ್ನು ಅದು ಮುಗಿಸುತ್ತದೆ. ಪಾರಂಪರಿಕ ಕಟ್ಟಡದ ಅಭಿಮಾನಿಗಳು ಕೆಡವುವವರನ್ನು ಬಯ್ಯುವಷ್ಟು ಕಟುವಾಗಿ ನಿರ್ಲಕ್ಷಿಸುವವರನ್ನು ಬಯ್ಯುವುದಿಲ್ಲ. ನಾಲ್ಕು ಜೀವಗಳನ್ನು ತೆಗೆದುಕೊಂಡದ್ದು ಕೆಡವುವ ಯಂತ್ರವಲ್ಲ.

ಈ ವಿಷಯದಲ್ಲಿ ಕನ್ನಡ ನಾಡಿನ ಹಳೆಯ ದಾನಿಗಳು ಹೆಚ್ಚು ದೂರದೃಷ್ಟಿಯುಳ್ಳವರು. ಬಸದಿಗಳಿಗೆ ಭೂಮಿ ಬಿಟ್ಟ ಶಾಸನಗಳಲ್ಲಿ ಪೂಜೆ ಮತ್ತು ಋಷಿಗಳ ಆಹಾರದಾನದ ಜೊತೆಯಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು. ಮುರುಕು ಬಿರುಕುಗಳನ್ನು ಆಗಾಗ ಸರಿಪಡಿಸಲು ಶಾಶ್ವತ ಉತ್ಪನ್ನವನ್ನು, ಕಟ್ಟಡ ಇನ್ನೂ ಹೊಸತಾಗಿರುವಾಗಲೇ, ತೆಗೆದಿಡುತ್ತಿದ್ದರು. ಜೀರ್ಣೋದ್ಧಾರವೆಂಬುದು ಅವರಿಗೆ ನೂರು ವರ್ಷಕ್ಕೊಮ್ಮೆ ಬರುವ ಉತ್ಸವವಲ್ಲ, ಸಾಮಾನ್ಯ ಖರ್ಚಿನ ಒಂದು ಬಾಬು. ಆ ಉತ್ಪನ್ನವೂ ಅದನ್ನು ನಡೆಸುವ ಜನವೂ ಇಲ್ಲವಾದರೆ ಏನಾಗುತ್ತದೆಂಬುದಕ್ಕೆ ಹೊನ್ನಾವರ ತಾಲೂಕಿನ ಗೇರುಸೊಪ್ಪೆ ಸಾಕ್ಷಿ. ಮೆಣಸಿನ ವ್ಯಾಪಾರದಿಂದ ಮೆರೆದ, ಚೆನ್ನಭೈರಾದೇವಿ ಆಳಿದ ಆ ಪಟ್ಟಣ ಹೋಯಿತು. ಚತುರ್ಮುಖ ಬಸದಿ ಕಾಡಿನ ನಡುವೆ ಉಳಿಯಿತು, ಕಲ್ಲಿನದಾದ್ದರಿಂದ ಉಳಿಯಿತು. ಅದರ ಸುತ್ತ ಜನ ಬಾಳಿದ ಮನೆಗಳು ಎಲ್ಲಿದ್ದವೆಂದು ಇಂದು ಹುಡುಕಬೇಕು.

ಕರಾವಳಿಯ ಹಳೆಯ ಕಟ್ಟಡಗಳ ವಿಷಯದಲ್ಲಿ ದುರಸ್ತಿಯೇ ಅಪಾಯವಾಗುವುದೂ ಉಂಟು. ಕಾರವಾರ ಅಂಕೋಲಾ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ. ಚಿರೆಕಲ್ಲಿನ ಗೋಡೆ ಮಳೆಗಾಲದಲ್ಲಿ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಮೇಲಿನ ಸುಣ್ಣದ ಗಾರೆ ಈ ಉಸಿರಾಟಕ್ಕೆ ಅಡ್ಡ ಬರುವುದಿಲ್ಲ. ಗೋಡೆ ಸವೆಯಿತೆಂದು ಸಿಮೆಂಟಿನ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗಿಲಾವು ಹಪ್ಪಳದಂತೆ ಎದ್ದು, ಅದರೊಡನೆ ಕಲ್ಲಿನ ಮೈಯೂ ಉದುರುತ್ತದೆ. ಆಗ ಕಲ್ಲೇ ಕೆಟ್ಟಿತೆಂದು ತೀರ್ಮಾನಿಸಿ ಕಟ್ಟಡವನ್ನು ಕೆಡವಲು ಹೊರಡುತ್ತಾರೆ. ಅದರ ಬದಲಿಗೆ ಬರುವ ಕಾಂಕ್ರೀಟಿಗೂ ಕಡಲ ಗಾಳಿ ಕರುಣೆ ತೋರುವುದಿಲ್ಲ. ಉಪ್ಪು ಒಳಗಿಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಸೀಳುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಉಳಿಯಲೆಂದು ಕಟ್ಟಿದ್ದು ಮಕ್ಕಳ ಕಾಲದಲ್ಲಿಯೇ ಕಬ್ಬಿಣದ ಸರಳುಗಳನ್ನು ತೋರಿಸುತ್ತ ನಿಲ್ಲುವುದನ್ನು ಕಡಲೂರುಗಳಲ್ಲಿ ಎಲ್ಲರೂ ಕಂಡಿದ್ದಾರೆ.

ಹಳೆಯದರ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ದೋಷಗಳನ್ನು ಮುಚ್ಚಿಡಬಾರದು. ಮಂಡಿನೋವಿನ ಹಿರಿಯರಿಗೆ ಎತ್ತರದ ಮೆಟ್ಟಿಲುಗಳು ಶಿಕ್ಷೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ದಾರಿಯೇ ಇಲ್ಲ. ಮಹಿಳೆಯರಿಗೆ ಶೌಚಾಲಯವಿರಬೇಕೆಂಬುದು ಹಳೆಯ ಕಚೇರಿಗಳನ್ನು ಕಟ್ಟಿದವರ ತಲೆಗೆ ಹೊಳೆಯಲಿಲ್ಲ. ಕಚೇರಿಗೆ ಮಹಿಳೆಯರು ಬರುತ್ತಾರೆಂಬುದೇ ಹೊಳೆಯಲಿಲ್ಲ. ಮರದ ಅಟ್ಟದ ಮೇಲೆ ಹಳೆಯ ವಿದ್ಯುತ್ ತಂತಿ ಎಳೆದಿದ್ದರೆ ಬೆಂಕಿಯ ಭಯ. ಇವುಗಳಿಗಾಗಿ ಗೋಡೆ ಒಡೆಯಬೇಕಾದರೆ ಒಡೆಯಬೇಕು, ಹೊರಬದಿಗೆ ಲಿಫ್ಟಿನ ಗೋಪುರ ನಿಲ್ಲಿಸಬೇಕಾದರೆ ನಿಲ್ಲಿಸಬೇಕು. ಒಂದು ಕಂಬದ ಸೊಬಗಿಗಾಗಿ ಒಬ್ಬ ಅಂಗವಿಕಲನನ್ನು ಬಾಗಿಲ ಹೊರಗೆ ನಿಲ್ಲಿಸುವ ಸಂರಕ್ಷಣೆಗೆ ಧರ್ಮದ ಬೆಂಬಲವಿಲ್ಲ. ಹಾಗೆಯೇ ಸುಣ್ಣವೂ ನಿಷ್ಪಾಪವಲ್ಲ. ಕರಾವಳಿಯ ಸುಣ್ಣ ಚಿಪ್ಪಿನದು. ಹೊಳೆಯ ತಳದಲ್ಲಿ ಶತಮಾನಗಳಿಂದ ಕೂಡಿದ ಸತ್ತ ಚಿಪ್ಪನ್ನು ಸುಟ್ಟರೂ ಅಗೆತದಲ್ಲಿ ಜೀವಂತ ಚಿಪ್ಪುಗಳು ಸಾಯುತ್ತವೆ, ಗೂಡಿನಲ್ಲಿ ಬೆಂಕಿ ಉರಿಯುತ್ತದೆ. ದುರಸ್ತಿಗೆ ಬೇಕಾಗುವ ಸುಣ್ಣದ ಪ್ರಮಾಣ ಹೊಸ ಕಟ್ಟಡದ ಸಿಮೆಂಟಿಗೆ ಹೋಲಿಸಿದರೆ ಅತ್ಯಲ್ಪ ಎಂಬುದಷ್ಟೇ ಅದರ ಪರವಾಗಿ ಹೇಳಬಹುದಾದ ಮಾತು.

ಹಾಗಾದರೆ ಸಂಸ್ಥೆಗಳು ಕೆಡವುವ ಕಡೆಗೇ ಏಕೆ ವಾಲುತ್ತವೆ? ಕಾರಣ ದುರುದ್ದೇಶವಲ್ಲ, ಹಣ ಬರುವ ಮತ್ತು ಹೋಗುವ ರೀತಿ. ಧರ್ಮಾರ್ಥ ಟ್ರಸ್ಟುಗಳು ತೆರಿಗೆಯ ವಿನಾಯಿತಿ ಉಳಿಸಿಕೊಳ್ಳಲು ವರಮಾನದ ನೂರಕ್ಕೆ 85 ಭಾಗವನ್ನು ಉದ್ದೇಶಗಳಿಗಾಗಿ ವಿನಿಯೋಗಿಸಬೇಕು. ಫೆಬ್ರುವರಿ ಬಂದಾಗ ಖರ್ಚಾಗದೆ ಉಳಿದ ಹಣ ಕಂಡು ಕೋಶಾಧಿಕಾರಿಗೆ ಚಿಂತೆ ಹತ್ತುತ್ತದೆ. ದೊಡ್ಡ ಮೊತ್ತವನ್ನು ಒಮ್ಮೆಗೇ ನುಂಗಬಲ್ಲದ್ದು ಕಟ್ಟಡವೊಂದೇ. ನಿಶ್ಚಿತ ಉದ್ದೇಶವನ್ನು ಬರೆದುಕೊಟ್ಟು ಐದು ವರ್ಷಗಳವರೆಗೆ ಹಣ ಕೂಡಿಡಲು ಕಾನೂನಿನಲ್ಲಿ ಅವಕಾಶವಿದೆ. ಆ ಉದ್ದೇಶ ಹಳೆಯ ಕಟ್ಟಡದ ದುರಸ್ತಿಯೂ ಆಗಬಹುದು. ಈ ಅವಕಾಶವನ್ನು ದುರಸ್ತಿಗಾಗಿ ಬಳಸುವ ಸಂಸ್ಥೆಗಳು ಕಡಿಮೆ. ದಾನಿಗಳ ಮನಸ್ಸೂ ಹಾಗೆಯೇ. ಹೊಸ ಕೋಣೆಗೆ ಕೊಟ್ಟರೆ ಬಾಗಿಲ ಮೇಲೆ ಅಮೃತಶಿಲೆಯ ಫಲಕದಲ್ಲಿ ತಂದೆತಾಯಿಯರ ಹೆಸರು ಕೆತ್ತಿಸಬಹುದು. ದೋಣಿ ಚೊಕ್ಕಟ ಮಾಡಿಸಲು ಕೊಟ್ಟರೆ ಹೆಸರು ಎಲ್ಲಿ ಕೆತ್ತಿಸುವುದು? ಖಂಡಸ್ಫುಟಿತಕ್ಕೆ ಗದ್ದೆ ಬಿಟ್ಟ ದಾನಿಯ ಹೆಸರು ಶಾಸನದಲ್ಲಿ ಎಂಟುನೂರು ವರ್ಷ ನಿಂತಿತು ಎಂಬುದನ್ನು ದಾನಿಗಳಿಗೆ ಯಾರಾದರೂ ನೆನಪಿಸಿದರೆ ಒಳ್ಳೆಯದು. ದುರಸ್ತಿ ನಿಧಿಗೆ ಕೊಟ್ಟವರ ಹೆಸರುಗಳನ್ನು ಕಚೇರಿಯ ಗೋಡೆಯ ಮೇಲೆ ವರ್ಷವರ್ಷವೂ ಬರೆಸುವ ಪದ್ಧತಿಯಿಂದ ಯಾರಿಗೂ ನಷ್ಟವಿಲ್ಲ.

ಕೆಡವುವ ನಿರ್ಣಯಕ್ಕೆ ಮುನ್ನ ಮೂರನೆಯವರೊಬ್ಬರಿಂದ, ಎಂದರೆ ಹೊಸ ಕಟ್ಟಡದ ಗುತ್ತಿಗೆಯಲ್ಲಿ ಆಸಕ್ತಿಯಿಲ್ಲದ ಎಂಜಿನಿಯರರಿಂದ, ಹಳೆಯದರ ಸ್ಥಿತಿಯ ವರದಿ ತರಿಸುವ ನಿಯಮವನ್ನು ಮಂಡಳಿಗಳು ಮಾಡಿಕೊಳ್ಳಬಹುದು. ಕಟ್ಟುವವರನ್ನೇ ಕೇಳಿದರೆ ಕೆಡವಿ ಎನ್ನುತ್ತಾರೆ. ಜವಳಿ ವ್ಯಾಪಾರಿಯ ಹತ್ತಿರ ಹಳೆಯ ಅಂಗಿಯ ಬಗ್ಗೆ ಸಲಹೆ ಕೇಳಿದಂತೆ. ಕೆಡವಲೇಬೇಕಾದರೆ ಬೆಳಂಬಾರದ ಹಿಂದಿನವರಂತೆ ಬಿಚ್ಚಿಸಬೇಕು. ಕಟ್ಟಡಗಳ ಭಗ್ನಾವಶೇಷಗಳ ನಿರ್ವಹಣೆಗೆಂದು ಕೇಂದ್ರ ಸರಕಾರ 2016ರಲ್ಲಿ ಪ್ರತ್ಯೇಕ ನಿಯಮಗಳನ್ನೇ ರೂಪಿಸಿತು. ಆದರೂ ಹಳೆಯ ಸಾಗುವಾನಿ ತೊಲೆಗಳೂ ಕೆತ್ತಿದ ಬಾಗಿಲುಗಳೂ ಗುಜರಿಯ ದರಕ್ಕೆ ಗುತ್ತಿಗೆದಾರನ ಪಾಲಾಗುವುದು ನಿಂತಿಲ್ಲ. ಆ ತೊಲೆಗಳ ಬೆಲೆಯನ್ನು ಜಮೆಯ ಬದಿಯಲ್ಲಿ ತೋರಿಸಿದ ಜೀರ್ಣೋದ್ಧಾರ ಸಮಿತಿಯ ಲೆಕ್ಕಪತ್ರ ದುರ್ಲಭ.

ಚೈತ್ರ ಕಳೆದು ವೈಶಾಖ ಬಂದಾಗ ಕರಾವಳಿಯಲ್ಲಿ ಹಂಚಿನ ಮನೆಗಳವರು ಮಾಡಿನ ಮೇಲೇರುತ್ತಾರೆ. ಒಡೆದ ಹಂಚನ್ನು ತೆಗೆದು ಬೇರೆಯದನ್ನು ಇಡುತ್ತಾರೆ, ಸಂದಿನಲ್ಲಿ ಸೇರಿದ ತರಗೆಲೆ ಗುಡಿಸುತ್ತಾರೆ, ಗೆದ್ದಲು ಹಿಡಿದ ಪಕಾಸು ಇದೆಯೇ ಎಂದು ಬಡಿದು ನೋಡುತ್ತಾರೆ. ಒಂದೆರಡು ಆಳುಗಳ ಎರಡು ದಿನದ ಕೆಲಸ. ಸಂಸ್ಥೆಗಳ ಕಟ್ಟಡಗಳಲ್ಲಿ ಈ ಎರಡು ದಿನದ ಕೆಲಸ ಯಾರ ಹೊಣೆಯೆಂದು ನಿಯಮಾವಳಿಯಲ್ಲಿ ಬರೆದಿರುವುದಿಲ್ಲ. ಅಧ್ಯಕ್ಷರು ಕಾರ್ಯದರ್ಶಿಯದೆನ್ನುತ್ತಾರೆ, ಕಾರ್ಯದರ್ಶಿ ಪುರೋಹಿತರದೆನ್ನುತ್ತಾರೆ, ಅಷ್ಟರಲ್ಲಿ ಮಿರ್ಗದ ಮಳೆ ಹಿಡಿದಿರುತ್ತದೆ.